ಈರಣ್ಣನ ಬಗ್ಗೆ ಇನ್ನೊಂದು

ಕಣ್ಣಿಗೆ ಕಾಣದ ಲಾರಿಯೊಂದನ್ನು ಹಿಂದಿನಿಂದ ತಳ್ಳುತ್ತಿರುವವನ ಹಾಗೆ ಈರಣ್ಣ ಮುಂದಕ್ಕೆ ಬಾಗಿ ನಡೆಯುತ್ತಿದ್ದ. ಅವನ ಅಪ್ಪನಿಗೆ ವಿಜಯವಾಡದ ಆಟೋನಗರದಲ್ಲಿ ಲಾರಿ ರಿಪೇರಿಯ ಶೆಡ್ಡು. ಶಾಲೆ ಬಿಟ್ಟ ಮೇಲೆ ಗಾಡಿ ತಳ್ಳುವ ಕೆಲಸ ಮಗನದು. ನಮ್ಮ ತರಗತಿಯಲ್ಲಿ ಮನೆಯೊಳಗೆ ಕನ್ನಡ ಆಡುವವರು ನಾವಿಬ್ಬರೇ. ಅವರದು ರಾಯಚೂರು ಕಡೆ, ನಮ್ಮದು ಧಾರವಾಡದ ಕಡೆ. ಒನ್ ಟೌನ್ ಪೇಟೆಯ ಬಟ್ಟೆ ವ್ಯಾಪಾರಿಯ ಮಗಳೆಂಬ ಜಂಬ ನನಗೆ ಮೂಗಿನ ತುದಿಯವರೆಗೂ ಇತ್ತು. ಅದನ್ನು ಇಳಿಸಲು ಅವನು ತೆಲುಗಿನ ಮರ್ಯಾದೆಯನ್ನೆಲ್ಲ ನನ್ನ ಹೆಸರಿಗೆ ಅಂಟಿಸಿ, "ಗಿರಿಜಾಗಾರೂ" ಎಂದು ಇಡೀ ವರಾಂಡಕ್ಕೆ ಕೇಳುವಂತೆ ಕೂಗುತ್ತಿದ್ದ. ಶಾಲೆಯ ಗೇಟಿನ ಹತ್ತಿರ ಮಲಗುವ ನಾಯಿಗೂ ಅವನು ಅದೇ ಮರ್ಯಾದೆ ಕೊಡುತ್ತಿದ್ದ.

ಮುಂದೆ ಅವನು ಸೈನ್ಯ ಸೇರಿದ. ನಾನು ನೌಕಾಪಡೆಯವರೊಬ್ಬರನ್ನು ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದ ವರ್ಷವೇ ಯುದ್ಧವಾಯಿತು. ಗಡಿಯ ಬೆಟ್ಟಗಳ ಮೇಲೆ ಎಲ್ಲೋ ಅವನು ತೀರಿಕೊಂಡ. ಈಗ ನಾನು ಅದೇ ಊರಿನ ಎಂವಿಪಿ ಕಾಲೋನಿಯಲ್ಲಿ ಮಂಡಿನೋವು, ಬಿಪಿ ಮಾತ್ರೆ, ಎರಡು ಹೊತ್ತಿನ ಪೂಜೆ ಎಂದು ಇದ್ದೇನೆ. ದೇವರ ದಯೆ, ಬೆಳಗ್ಗೆ ಎದ್ದರೆ ನಿಲ್ಲಲು ಆಗುತ್ತದೆ. ಪ್ರತಿ ದಸರೆಗೆ ವಿಜಯವಾಡಕ್ಕೆ ಹೋಗಿ ಮೊದಲು ಬೆಟ್ಟದ ದುರ್ಗಮ್ಮನನ್ನು, ಆಮೇಲೆ ಈರಣ್ಣನ ತಾಯಿ ಶರಣಮ್ಮನವರನ್ನು ನೋಡಿ ಬರುತ್ತೇನೆ.

ಶಾಲೆಯಲ್ಲಿ ಅವನ ಫೋಟೋಕ್ಕೆ ವರ್ಷವೂ ಹಾರ ಹಾಕಿ ಭಾಷಣ ಮಾಡುತ್ತಾರೆ. ಒಮ್ಮೆ ಅದನ್ನು ಕೇಳಿ ಬಂದ ಶರಣಮ್ಮನವರು ನನ್ನ ಕೈ ಹಿಡಿದುಕೊಂಡರು.

"ಅವರೆಲ್ಲ ಫೋಟೋದ ಜೋಡಿ ಮಾತಾಡ್ತಾರವ್ವ. ನನಗ ಗೊತ್ತಿದ್ದದ್ದನ್ನ ನಾನೇ ನೆನಸಿ ನೆನಸಿ ಸವಸೀನಿ. ನನಗ ಗೊತ್ತಿಲ್ಲದ್ದು ಒಂದು ಹೇಳು."

ಅಂದಿನಿಂದ ವರ್ಷಕ್ಕೊಂದು ಹೊಸದು ಒಯ್ಯುವುದು ನನ್ನ ಪಾಲಿಗೆ ಬಂತು. ಹಣ್ಣು ಹೂವು ಮರೆತು ಹೋದರೂ ನಡೆಯುತ್ತದೆ, ಈರಣ್ಣನನ್ನು ಮರೆತು ಹೋದರೆ ಅವರ ಮುಖ ನೋಡಲಾಗುವುದಿಲ್ಲ. ಕಷ್ಟವೇನೆಂದರೆ, ನನಗೆ ನೆನಪಿರುವ ಪ್ರತಿಯೊಂದರಲ್ಲೂ ಪೆದ್ದಿ ನಾನೇ.

ಮೆಟ್ಟಿಲ ಪೂಜೆಯದನ್ನೇ ತೆಗೆದುಕೊಳ್ಳಿ. ಹತ್ತನೆಯ ತರಗತಿಯ ಗಣಿತದಲ್ಲಿ ಪಾಸಾದರೆ ದುರ್ಗಮ್ಮನ ಬೆಟ್ಟದ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಹರಕೆ ಹೊತ್ತಿದ್ದೆ. ನನಗೆ ಗಣಿತ ಹೇಳಿಕೊಟ್ಟು ಸುಸ್ತಾಗಿದ್ದ ಈರಣ್ಣ ಚೀಲ ಹೊರಲು ಜೊತೆಗೆ ಬಂದ. ಅರ್ಧ ಬೆಟ್ಟಕ್ಕೇ ನನ್ನ ಸೊಂಟ ಹಿಡಿಯಿತು, ಕುಳಿತುಬಿಟ್ಟೆ. ಅವನು ಬಟ್ಟಲು ಕಸಿದುಕೊಂಡು ಬಗ್ಗಿದ. ಗಂಡು ಹುಡುಗ ಅರಿಶಿನ ಹಚ್ಚುತ್ತಾನೆಂದು ಹಿಂದೆ ಬರುತ್ತಿದ್ದ ಹೆಂಗಸರು ನಿಂತು ನಗಾಡಿದರು. ಅವನ ಬೆರಳಿನ ಗ್ರೀಸು ಸೇರಿ ಮೇಲಿನ ಮೆಟ್ಟಿಲೆಲ್ಲ ಹಸಿರುಗಪ್ಪು. ಗುಡಿಯಲ್ಲಿ ಕೈಮುಗಿದು ಗಟ್ಟಿಯಾಗಿಯೇ ಹೇಳಿದ: "ತಾಯೀ, ಕೆಳಗಿನ ಅರ್ಧ ಗಿರಿಜಾಗಾರಿದು, ಮ್ಯಾಲಿನ ಅರ್ಧ ನಂದು. ಪುಣ್ಯ ನೋಡಿ ಹಂಚು. ಆಕಿಗೆ ಲೆಕ್ಕ ಬರೂದಿಲ್ಲ."

ಇದನ್ನು ಕೇಳಿ ಶರಣಮ್ಮನವರು ಸೆರಗು ಬಾಯಿಗಿಟ್ಟು ನಕ್ಕಿದ್ದರು.

ಹೇಳುತ್ತ ಹೇಳುತ್ತ ನನ್ನ ನೆನಪಿನ ಗಂಟು ಕರಗಿತು. ಹೋದ ದಸರೆಗೆ ಏನೂ ಹೊಳೆಯದೆ, ರೈಲಿನಲ್ಲಿ ಕುಳಿತು ಒಂದು ಸುಳ್ಳು ಕಥೆ ಕಟ್ಟಿಕೊಂಡು ಹೋದೆ. ಈರಣ್ಣ ಶಾಲೆಯ ಬಾವುಟ ನೋಡುತ್ತ, ನನ್ನ ಪ್ರಾಣ ಈ ನೆಲಕ್ಕೆ ಎಂದಿದ್ದನಂತೆ! ಹೇಳುವಾಗ ನನಗೇ ಕಣ್ಣೀರು ಬಂತು. ಶರಣಮ್ಮನವರು ಮಾತ್ರ ಹುಬ್ಬು ಗಂಟಿಕ್ಕಿದರು.

"ಯಾವ ಸಿನಿಮಾದಾಗ ನೋಡಿದಿ? ನನ್ನ ಮಗ ಪ್ರಾಣದ ಮಾತು ತಗದದ್ದು ಹಸಿವಿ ಆದಾಗ ಅಷ್ಟ."

ಈ ಸಲ ನನ್ನ ಬಳಿ ಒಂದೇ ಒಂದು ಉಳಿದಿತ್ತು. ಅದನ್ನು ಹೇಳುವ ಧೈರ್ಯ ನನಗೆ ಎಂದೂ ಬಂದಿರಲಿಲ್ಲ. ಅದರಲ್ಲಿ ನನ್ನ ಪೆದ್ದುತನಕ್ಕೆ ಮಿತಿಯೇ ಇಲ್ಲ. ಬರಿಗೈಯಲ್ಲೇ ಹೋಗಿ ಕುಳಿತೆ. ಈ ಸಲ ಅವರೇ ಮೊದಲು ಹೇಳತೊಡಗಿದರು.

"ಅವ ಕಡೀ ಸಲ ಊರಿಗೆ ಬಂದಾಗ ರಜಾ ರದ್ದಾತು, ಲಗೂನ ಬಾ ಅಂತ ಕರೆ ಬಂತವ್ವ. ಹಂಚಿನ ಮ್ಯಾಲ ರೊಟ್ಟಿ ಇತ್ತು. ರೈಲು ತಪ್ತದ ಅಂತ ಓಡಿದ. ಯಾರಿಗೂ ಹೇಳಿಲ್ಲ ನಾನು. ಮಗನ್ನ ಉಪವಾಸ ಕಳಿಸೀನಿ."

ಈಗ ಅವರ ಕೈ ನಾನು ಹಿಡಿದುಕೊಂಡೆ.

"ಇಲ್ಲಮ್ಮಾ, ಅವ ಉಂಡಾನ," ಎಂದೆ.

ಈರಣ್ಣ ವಿಜಯವಾಡದ ಸ್ಟೇಷನ್ನಿನಿಂದಲೇ ನಮ್ಮ ಪಕ್ಕದ ಮನೆಗೆ ಫೋನು ಮಾಡಿದ್ದ. ಅವನ ರೆಜಿಮೆಂಟು ಆಗ ಬಂಗಾಳದ ಕಡೆ ಇತ್ತು, ರೈಲು ವಿಶಾಖಪಟ್ಟಣದ ಮೇಲೆಯೇ ಹೋಗಬೇಕು. "ಮಧ್ಯಾಹ್ನ ನಿಮ್ಮೂರಾಗ ಇರ್ತೀನಿ. ಹೊಟ್ಟಿ ಹಸದದ, ಏನಾರ ತಾ" ಎಂದ. ಕುಂಕುಮ ಹಚ್ಚಬೇಕು, ದುರ್ಗಮ್ಮ ಕಾಯುತ್ತಾಳೆ ಎನ್ನಬೇಕು ಎಂದೆಲ್ಲ ಅಂದುಕೊಂಡು ಸ್ಟೇಷನ್ನಿಗೆ ಹೊರಟವಳು ಕುಂಕುಮದ ಪೊಟ್ಟಣವನ್ನು ಮನೆಯಲ್ಲೇ ಬಿಟ್ಟೆ. ಒಯ್ದದ್ದು ಹೊಸ ಸ್ಟೀಲ್ ಡಬ್ಬಿಯ ತುಂಬ ಚಿತ್ರಾನ್ನ. ಯುದ್ಧಕ್ಕೆ ಹೊರಟವನಿಗೆ ನಾನು ಆಡಿದ ಕೊನೆಯ ಮಾತು: "ಡಬ್ಬಿ ಕಳೀಬ್ಯಾಡ, ಮದುವಿ ಸೆಟ್ಟು. ನಮ್ಮತ್ತಿ ಎಣಿಸ್ತಾರ!"

ಅಷ್ಟರಲ್ಲಿ ರೈಲು ಕದಲಿತು. ಅವನು ಬಾಗಿಲಲ್ಲಿ ನಿಂತು ಮುಚ್ಚಳ ತೆಗೆದು, ಗಬಗಬ ತಿನ್ನುತ್ತ, ತುಂಬಿದ ಬಾಯಿಯಲ್ಲೇ ಕೂಗಿದ: "ಡಬ್ಬಿ ಮಿಲಿಟರಿ ಸೇರ್ತು ಅಂತ ಹೇಳು ಅತ್ತೀಗಾರಿಗೆ!"

ಶರಣಮ್ಮನವರು ನಗಲಿಲ್ಲ. ಮುಂದಕ್ಕೆ ಬಾಗಿ ಕೇಳಿದರು.

"ಉಪ್ಪು ಹುಳಿ ಸರಿ ಇತ್ತೇನು?"

"ಎಲ್ಲಿ ಸರಿ? ಹೊಸ ಹೆಂಡತಿ ಅಡಿಗಿ. ಉಪ್ಪೇ ಉಪ್ಪು."

"ಅಂದ್ರೂ ಉಂಡ?"

"ಕಣ್ಣಿಗೆ ಕಾಣೋತನಕ ಉಣ್ಣಕೋತನ ಇದ್ದಮ್ಮಾ."

ಅವರು ಗೋಡೆಗೆ ಒರಗಿದರು. ಈಗ ಇನ್ನೊಂದು ಕೇಳುತ್ತಾರೆ, ನನ್ನ ಹತ್ತಿರ ಇನ್ನಿಲ್ಲ ಎಂದು ಹೇಗೆ ಹೇಳಲಿ ಎಂದು ಹೆದರುತ್ತ ಕುಳಿತಿದ್ದೆ.

"ಅದನ್ನ ಹೇಳು ಮತ್ತೊಮ್ಮೆ," ಎಂದರು. "ಮುಚ್ಚಳ ತಗದದ್ದರಿಂದ ಹೇಳು."