ಹೊರ್ಟೆನ್ಸಿಯಾ ಹೋಗಬೇಕೆಂದ ಊರುಗಳು

ಎಪ್ಪತ್ತು ದಾಟಿದ ಮೇಲೆ ಹೊರ್ಟೆನ್ಸಿಯಾಗೆ ಮರೆವು ಹತ್ತಿತು. ಅಸೋರ್ಸ್ ದ್ವೀಪಗಳಿಂದ ಹುಡುಗಿಯಾಗಿ ಫಾಲ್ ರಿವರಿಗೆ ಬಂದವಳು ಆಮೇಲೆ ಈ ಊರು ಬಿಟ್ಟು ಕದಲಿರಲಿಲ್ಲ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಿಷನ್ನು ಅವಳದು. ಮನೆಯೂ ನನ್ನ ಮೇಲಿನ ಮಹಡಿಯಲ್ಲೇ. ಅಂಥವಳು ಒಂದು ಬೆಳಿಗ್ಗೆ ಕೋಟು ತೊಟ್ಟು ಬಾಗಿಲಲ್ಲಿ ನಿಂತು, "ಮದ್ರಾಸಿಗೆ ಹೊತ್ತಾಯ್ತು" ಅಂದಳಂತೆ.

ಸೊಸೆ ಲುಬೆಲಿಯಾ ಗಾಬರಿಯಿಂದ ಕೆಳಗಿಳಿದು ಬಂದಳು.

"ಮದ್ರಾಸು ಇಂಡಿಯಾದಲ್ಲಿದೆಯಂತೆ ಕಣ್ರೀ! ನಿನ್ನೆ ನೋಡಿದ್ರೆ, ವಿಯೆನ್ನಾ ಇನ್ನೂ ಬರ್ಲಿಲ್ವಾ ಅಂತ ಅಳ್ತಿದ್ರು. ಅಲ್ಲೆಲ್ಲ ಯಾರ್ರೀ ಇದ್ದಾರೆ ಇವ್ರಿಗೆ?"

"ಯಾರೂ ಇಲ್ಲ ಮಾರಾಯ್ತಿ. ಮದ್ರಾಸು ಅಂದ್ರೆ ಚೌಕಳಿ ಬಟ್ಟೆ, ಬೇಸಿಗೆ ಅಂಗಿಗೆ ಹೊಲೀತಿದ್ವಲ್ಲ, ಅದು. ವಿಯೆನ್ನಾ ಅಂದ್ರೆ ಬ್ರೆಡ್ಡು. ನಿಮ್ಮ ಮಾವ ಬೇಕರಿಯಿಂದ ತರ್ತಿದ್ರು, ಉದ್ದಂದು."

ಅವಳ ಮುಖ ನೋಡಿದರೆ ನಂಬಿದ ಹಾಗಿರಲಿಲ್ಲ. ಆದರೂ ಚೌಕಳಿ ತುಂಡೊಂದನ್ನು ಅತ್ತೆಯ ಮಡಿಲಿಗೆ ಹಾಕಿದಳು. ಹೊರ್ಟೆನ್ಸಿಯಾ ಅಂಚು ಸವರುತ್ತಾ ಕೋಟು ಬಿಚ್ಚಿ ಕೂತಳು. ಆಮೇಲೆ ಅದೇ ರೂಢಿಯಾಯಿತು: ಊರಿನ ಹೆಸರು ಬಂದರೆ ಬಟ್ಟೆಯೋ ಬ್ರೆಡ್ಡೋ ಕೈಗಿಡುವುದು.

"ಜೆರ್ಸಿಗೆ ಹೋಗ್ಬೇಕು" ಎಂದು ಶುರುಮಾಡಿದಾಗಲೂ ಹಾಗೇ ಮಾಡಿದೆವು. ಜೆರ್ಸಿ ಬಟ್ಟೆಯ ಮೆತ್ತನೆಯ ಅಂಗಿ ಕೊಟ್ಟೆವು. ಅವಳು ಕಿತ್ತೆಸೆದಳು. ನೀಲಿಯದು ಕೊಟ್ಟೆವು, ಅದನ್ನೂ ಎಸೆದಳು.

"ಇನ್ಯಾವ ಬಣ್ಣದ್ದು ಬೇಕಮ್ಮ ನಿಂಗೆ?" ಅಂದೆ.

"ನಿಂಗೇನು ತಲೆ ಕೆಟ್ಟಿದೆಯಾ?" ಅಂದಳು ನನಗೆ.

ಮಾರನೆಯ ದಿನ ಆಕೆ ಮನೆಯಲ್ಲಿಲ್ಲ. ಮಗ ಗುಆಲ್ತೆರ್ ಬೀದಿಬೀದಿ ಹುಡುಕಿ ಕೊನೆಗೆ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡ. ಟಿಕೆಟ್ ಕೊಡುವವನು ಕೈ ಚೆಲ್ಲಿ ಕೂತಿದ್ದ. "ಜೆರ್ಸಿಯಲ್ಲಿ ಯಾವೂರು ಅಂತ ಕೇಳಿದ್ರೆ, ಇದಾಲಿನಾ ಅಂತಾರೆ. ಆ ಹೆಸರಿನ ಊರೇ ಇಲ್ವಲ್ಲ ಸ್ವಾಮಿ!"

ಗುಆಲ್ತೆರ್ ಅಲ್ಲೇ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತ. ಇದಾಲಿನಾ ಅವನ ಚಿಕ್ಕಮ್ಮ. ನ್ಯೂಜೆರ್ಸಿಯ ನೆವಾರ್ಕಿನಲ್ಲಿದ್ದಾಳೆ. ತಮ್ಮ ತಾಯಿಯ ಕಿವಿಯೋಲೆಗಾಗಿ ಅಕ್ಕತಂಗಿಯರು ಜಗಳವಾಡಿ ಮಾತು ಬಿಟ್ಟಾಗ ಅವನಿನ್ನೂ ಶಾಲೆಯಲ್ಲಿದ್ದ. ಆಮೇಲೆ ಆ ಮನೆಯಲ್ಲಿ ಯಾರೂ ಆ ಹೆಸರೆತ್ತಿರಲಿಲ್ಲ.

ಭಾನುವಾರ ನಾವೆಲ್ಲ ಕಾರಿನಲ್ಲಿ ಹೋದೆವು. ಇದಾಲಿನಾ ಬಾಗಿಲು ತೆಗೆದವಳೇ, "ಈಗ ನೆನಪಾಯ್ತಾ ನಿಂಗೆ?" ಎಂದು ಗುಡುಗಿದಳು. ಹೊರ್ಟೆನ್ಸಿಯಾ ಅವಳನ್ನು ದಿಟ್ಟಿಸಿ, "ಅಮ್ಮಾ, ಇದಾಲಿನಾ ಎಲ್ಲಿ?" ಎಂದು ಕೇಳಿದಳು.

ಇದಾಲಿನಾ ನಮ್ಮ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಅವಳ ಸಿಟ್ಟಿಗೆ ನಿಲ್ಲಲು ಜಾಗವೇ ಸಿಗಲಿಲ್ಲ.

"ಇಲ್ಲೇ ಎಲ್ಲೋ ಆಡ್ತಿದ್ದಾಳೆ ಮಗಳೇ," ಅಂದಳು ಕೊನೆಗೆ. "ಬಾ, ಊಟ ಮಾಡು."

ಅಕ್ಕನನ್ನು ಅಲ್ಲೇ ಉಳಿಸಿಕೊಂಡಳು. ಊರಿನ ಹೆಸರು ಬಂದರೆ ಬಟ್ಟೆಯೋ ಬ್ರೆಡ್ಡೋ ಕೈಗಿಡುವ ನಮ್ಮ ರೂಢಿಯನ್ನು ಹೊರಡುವಾಗ ಅವಳಿಗೆ ಹೇಳಿ ಬಂದೆ. ವಾರ ಕಳೆಯುವುದರೊಳಗೆ ಅವಳ ಫೋನು ಬಂತು: "ದಿನಾ ಎದ್ದು ಫಾಲ್ ರಿವರ್ ಬೇಕು ಅಂತಾಳೆ ಕಣೇ. ಅದ್ಯಾವ ಬಟ್ಟೆ?"

"ಅದು ಬಟ್ಟೆಯಲ್ಲ ಕಣೇ, ನಮ್ಮೂರೇ" ಅಂದೆ. ಗುಆಲ್ತೆರ್ ಕರೆತರಲು ಹೋದ. ಇಬ್ಬರೂ ಮುದುಕಿಯರು ಹಿಂದಿನ ಸೀಟಿನಲ್ಲಿ ಒಬ್ಬರಿಗೊಬ್ಬರು ಆತು ನಿದ್ದೆಮಾಡುತ್ತಾ ಬಂದರು.