ಮಳೆ ಲೆಕ್ಕದ ಕಂಪ್ಯೂಟರಿಗೆ ಇರುವೆ ಹೊಕ್ಕದ್ದು

ಕಳೆದ ವರ್ಷ ಜೂನ್ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಎಂಟೂಮುಕ್ಕಾಲಿಗೆ ಚನ್ನರಾಯಪಟ್ಟಣದ ಒಂದು ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರೊಂದು ಚಾಲೂ ಆಗಲಿಲ್ಲ. ಹಿಂದಿನ ದಿನ ಅದೇ ಹೊತ್ತಿಗೆ ಆಗಿತ್ತು.

ಆ ಮನೆಯ ಹಿರಿಯರು ನನಗೆ ಇಪ್ಪತ್ತು ವರ್ಷದ ಪರಿಚಯ. ಜೈನರು. ಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದರು, ಈಗ ಅದನ್ನು ಸೊಸೆ ನೋಡಿಕೊಳ್ಳುತ್ತಾರೆ. ನಾನು ಹಾಸನದ ಪತ್ರಿಕೆಯೊಂದರ ವರದಿಗಾರ. ನಮ್ಮಿಬ್ಬರ ನಂಟು ಮಳೆಯ ಮೂಲಕ ಬೆಳೆದದ್ದು. 1993ರಿಂದ ಅವರು ದಿನವೂ ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆ ಜಾಡಿಗೆ ಬಗ್ಗಿಸಿ, ಎಷ್ಟು ಮಿಲಿಮೀಟರ್ ಎಂದು ಬರೆದಿಡುತ್ತಾರೆ. ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆ. ಪರ ಊರಿನಲ್ಲಿ ಉಳಿಯಬೇಕಾದಾಗ ಹೆಂಡತಿ ಅಳೆದು ಫೋನಿನಲ್ಲಿ ಹೇಳಿದ್ದಾರೆ. ಸರ್ಕಾರದ ಅಳತೆಯೂ ತಾಲ್ಲೂಕಿನಲ್ಲಿದೆ. ಆದರೆ ಹತ್ತು ವರ್ಷದ ಹಿಂದೆ ಇದೇ ವಾರ ಏನಾಗಿತ್ತು ಎಂದು ಐದು ನಿಮಿಷದಲ್ಲಿ ತಿಳಿಯಬೇಕಾದರೆ ನಾನು ಫೋನ್ ಮಾಡುತ್ತಿದ್ದದ್ದು ಅವರಿಗೆ.

ಮೊದಲು ಇದೆಲ್ಲ ನೋಟ್‌ಬುಕ್ಕಿನಲ್ಲಿತ್ತು. ಹಾಳೆಗಳಿಗೆ ಹುಳು ಹಿಡಿಯಲು ಶುರುವಾದಾಗ ಅವರ ಮಗಳು ಎರಡು ಬೇಸಿಗೆ ರಜೆ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿದರು. ವರ್ಷಕ್ಕೊಂದು ಕಡತ. ಆಮೇಲೆ ನೋಟ್‌ಬುಕ್ಕುಗಳು ಅಂಗಡಿಗೆ ಹೋದವು. ಗಾಜಿನ ಲೋಟ, ಪಿಂಗಾಣಿ ಬಟ್ಟಲು ಸುತ್ತಿ ಕೊಡಲು ಹಾಳೆ ಬೇಕಿತ್ತು. ಹೀಗಾಗಿ ಆ ಸೋಮವಾರ ಮೂವತ್ತೆರಡು ವರ್ಷದ ಮಳೆ, ಅದರ ಮೇಲೆ ಐದು ತಿಂಗಳದ್ದು, ಚಾಲೂ ಆಗದ ಆ ಡಬ್ಬದೊಳಗೆ ಮಾತ್ರ ಇತ್ತು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಮಧ್ಯಾಹ್ನ ಅವರು ಫೋನ್ ಮಾಡಿದರು. ಧ್ವನಿಯಲ್ಲಿ ಆತಂಕ ಇರಲಿಲ್ಲ, ಆದರೆ ಮಳೆ ಎಷ್ಟು ಎಂದು ಹೇಳಲು ಮರೆತರು. ಹಾಗೆ ಮರೆತದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಮಾರನೇ ದಿನ ಹೋದೆ. ಕಂಪ್ಯೂಟರನ್ನು ಹಾಸನಕ್ಕೆ ಒಯ್ದು ರಿಪೇರಿಗೆ ಕೊಡುವುದು ನನ್ನ ಲೆಕ್ಕಾಚಾರ. ಮೇಜಿನ ಕೆಳಗಿನಿಂದ ಡಬ್ಬ ಎಳೆಯಲು ಬಗ್ಗಿದಾಗ ಅವರು ಕೈ ಹಿಡಿದರು.

"ಎತ್ತಬೇಡಿ. ಒಳಗೆ ಸಂಸಾರ ಇದೆ."

ಡಬ್ಬದ ಹಿಂಬದಿಯ ಜಾಲರಿಯಲ್ಲಿ ಕಪ್ಪಿರುವೆಗಳು ಹೋಗಿ ಬಂದು ಮಾಡುತ್ತಿದ್ದವು. ಕೇಳಿದಾಗ ತಿಳಿದದ್ದು ಇಷ್ಟು. ಐದು ದಿನದ ಹಿಂದೆ, ಗುರುವಾರ, ಗೋಡೆಯ ಬುಡದಿಂದ ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಮೇಲೇರುವುದನ್ನು ಅವರು ಕಂಡಿದ್ದರು. ಇರುವೆ ಮೊಟ್ಟೆ ಸಾಗಿಸಿದರೆ ಮಳೆ ಬರುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ಅವರು ಅದನ್ನು ಆ ದಿನದ ಷರಾದಲ್ಲಿ ಬರೆದರು. ಶನಿವಾರ ಮಳೆಯೂ ಬಂತು. ಇರುವೆಗಳು ಎಲ್ಲಿಗೆ ಏರುತ್ತಿವೆ ಎಂಬುದನ್ನು ನೋಡಿದ್ದರು, ಆದರೆ ಅದನ್ನು ಬರೆದಿರಲಿಲ್ಲ.

"ಮಳೆ ನೋಡೋರಿಗೆ ಮನೆ ಕಾಣಲ್ಲ," ಎಂದರು ಅವರ ಹೆಂಡತಿ ಅಡುಗೆಮನೆಯಿಂದ. "ಗುರುವಾರವೇ ಹೇಳಿದೆ, ನಿಮ್ಮ ಕಂಪ್ಯೂಟರಿಗೆ ನೆಂಟರು ಬಂದವ್ರೆ ಅಂತ."

ಡಬ್ಬ ಹೋಗದಿದ್ದರೆ ರಿಪೇರಿಯವರೇ ಬರಬೇಕು. ಹಾಸನದ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬರು ನಮ್ಮ ಕಚೇರಿಗೂ ಬರುತ್ತಾರೆ. ಹೊಳೆನರಸೀಪುರದ ಕಡೆಯವರು, ನಲವತ್ತರ ಆಸುಪಾಸು, ಮಾತಿನಲ್ಲಿ 'ಹ' ಉದುರಿಹೋಗುತ್ತದೆ. ಬುಧವಾರ ಬೆಳಗ್ಗೆ ಅವರೂ ನಾನೂ ಶಾಂತಿಗ್ರಾಮದ ಮೇಲೆ ಹೋಗುವ ಬಸ್ಸಿನಲ್ಲಿ ಕೂತೆವು. ಅವರ ಮಡಿಲಲ್ಲಿ ಚೀಲ, ಚೀಲದಲ್ಲಿ ಇಟ್ಟಿಗೆ ಗಾತ್ರದ ಒಂದು ಕಬ್ಬಿಣದ ಪೆಟ್ಟಿಗೆ.

"ಯಾವ ಭಾಗ ಕೆಟ್ಟಿರಬಹುದು?" ಎಂದು ಕೇಳಿದೆ.

"ನೀವೇ ಏಳಿ ಸಾ. ಫೋನಲ್ಲಿ ಏನಂದ್ರಿ?"

"ಸಿಪಿಯು ಆನ್ ಆಗ್ತಿಲ್ಲ ಅಂದೆ."

"ಸಿಪಿಯು ನೋಡಿದೀರಾ?"

"ದಿನಾ ನೋಡ್ತೀನಿ. ನನ್ನ ಮೇಜಿನ ಕೆಳಗೇ ಇದೆ."

ಅವರು ಕಿಟಕಿಯ ಕಡೆ ತಿರುಗಿದರು.

ಮನೆ ತಲುಪಿ, ವಿದ್ಯುತ್ ತಂತಿ ಬಿಚ್ಚಿ, ಡಬ್ಬವನ್ನು ಮೆಲ್ಲಗೆ ಕಿಟಕಿಯ ಬೆಳಕಿಗೆ ತಿರುಗಿಸಿದ ಮೇಲೆ ಅವರು ನನಗೂ ಹಿರಿಯರಿಗೂ ಮೊದಲು ಕೊಟ್ಟ ಕೆಲಸ ಬರೆಯುವುದು. ಯಾವ ತಂತಿ ಯಾವ ಕಿಂಡಿಯಿಂದ ಬಂತು ಎಂದು ಚೀಟಿ ಬರೆದು ತಂತಿಗೆ ಅಂಟಿಸಬೇಕು. ಇಪ್ಪತ್ತು ವರ್ಷ ಕಂಪ್ಯೂಟರಿನಲ್ಲಿ ಸುದ್ದಿ ಬರೆದಿದ್ದೇನೆ. ಅದರ ಬೆನ್ನನ್ನು ಸರಿಯಾಗಿ ನೋಡಿದ್ದು ಅಂದು. ಮೇಲ್ತುದಿಯಲ್ಲಿ ಎರಡು ದುಂಡನೆಯ ಕಿಂಡಿಗಳು: ನೇರಳೆಯದು ಕೀಬೋರ್ಡಿಗೆ, ಹಸಿರಿನದು ಮೌಸಿಗೆ. ನೀಲಿ ಬಣ್ಣದ, ಹದಿನೈದು ತೂತಿನ ಅಗಲ ಕಿಂಡಿ ಮಾನಿಟರಿಗೆ. ಅದರ ಎರಡು ಪಕ್ಕದ ತಿರುಪುಗಳನ್ನು ಬಿಚ್ಚದೆ ಎಳೆದರೆ ಒಳಗಿನ ಸೂಜಿ ಬಗ್ಗುತ್ತದೆ. ಅಗಲ ಬಾಯಿಯ ಯುಎಸ್‌ಬಿ ಕಿಂಡಿಗಳು ನಾಲ್ಕು. ಅವುಗಳ ಮೇಲೆ ಚೌಕನೆಯ ಇಂಟರ್‌ನೆಟ್ ಕಿಂಡಿ. ಕೆಳಗೆ ಗುಲಾಬಿ, ಹಸಿರು, ತಿಳಿನೀಲಿ ಬಣ್ಣದ ಮೂರು ಸಣ್ಣ ತೂತು. ಮಾತು ಒಳಗೆ ಹೋಗಲು ಗುಲಾಬಿ, ಹೊರಗೆ ಬರಲು ಹಸಿರು.

"ತಿಳಿನೀಲಿ?" ಎಂದರು ಹಿರಿಯರು.

"ಅದು ಬೇರೆ ಕಡೆಯಿಂದ ಆಡು ಗೀಡು ತಕ್ಕೊಳಕ್ಕೆ. ಯಾರೂ ಬಳಸಲ್ಲ ಬುಡಿ ಯಜಮಾನ್ರೆ."

ಹಿರಿಯರು ಅದಕ್ಕೂ ಒಂದು ಚೀಟಿ ಬರೆದರು: ಬಳಕೆಯಲ್ಲಿಲ್ಲ.

ರಿಪೇರಿಯವರು ಪಕ್ಕದ ತಗಡು ತೆಗೆದರು. ಒಳಗೆ ಧೂಳು, ಧೂಳಿನ ನಡುವೆ ರವೆ ಚೆಲ್ಲಿದಂತೆ ಬಿಳಿ ಮೊಟ್ಟೆಗಳು. ಅತಿ ಹೆಚ್ಚು ಇದ್ದದ್ದು ಮೇಲ್ಮೂಲೆಯ ಕಬ್ಬಿಣದ ಪೆಟ್ಟಿಗೆಯಲ್ಲಿ. ಅವರು ಚೀಲದಲ್ಲಿ ತಂದಿದ್ದಂಥದೇ ಪೆಟ್ಟಿಗೆ. ಮನೆಯ ಕರೆಂಟನ್ನು ಕಂಪ್ಯೂಟರ್ ತಾಳುವಷ್ಟಕ್ಕೆ ಇಳಿಸಿ ಹಂಚುವುದು ಅದರ ಕೆಲಸ, ಹೆಸರು ಎಸ್‌ಎಂಪಿಎಸ್. ಎಲ್ಲ ಭಾಗಗಳೂ ಕೂತಿರುವ ದೊಡ್ಡ ಹಸಿರು ಹಲಗೆ ಮದರ್‌ಬೋರ್ಡ್. ಅದರ ಮೇಲೆ ಎರಡು ಬೆರಳಗಲದ ಪಟ್ಟಿ ನೆಟ್ಟಗೆ ನಿಂತಿತ್ತು, ಅದು ರ‍್ಯಾಮ್. ಕೆಲಸ ನಡೆಯುವಾಗ ಮಾತ್ರ ನೆನಪಿಟ್ಟು ಕರೆಂಟ್ ಹೋದರೆ ಮರೆಯುತ್ತದೆ. ಮರೆಯದೆ ಇಡುವುದು ಕೆಳಗಿನ ಗೂಡಿನಲ್ಲಿದ್ದ, ಸಣ್ಣ ಪುಸ್ತಕದಷ್ಟು ಭಾರದ ಹಾರ್ಡ್ ಡಿಸ್ಕ್. ಮಳೆ ಇದ್ದದ್ದು ಅದರಲ್ಲಿ.

"ಸಿಪಿಯು?" ಎಂದೆ.

ಅವರು ಮದರ್‌ಬೋರ್ಡಿನ ನಡುವಿನ ಫ್ಯಾನ್ ತೋರಿಸಿದರು. "ಅದರಡೀಗೆ ಐತೆ ಸಾ. ಬಿಸ್ಕತ್ತಿನಷ್ಟು. ನೀವು ಇಷ್ಟು ದಿನ ಅಂತಿದ್ದುದು ಇದ್ನ, ಈ ಡಬ್ಬಾನ."

"ಅಂದರೆ ಬೀರುವನ್ನೇ ಯಜಮಾನ ಅಂತ ಕರೀತಿದ್ರಿ," ಎಂದರು ಹಿರಿಯರು ನನಗೆ.

ಆಮೇಲೆ ಕಚೇರಿಯಲ್ಲಿ ನನ್ನ ಹಳೆಯ ವರದಿಗಳನ್ನು ಹುಡುಕಿ ನೋಡಿದೆ. ಕಳ್ಳತನದ ಸುದ್ದಿಗಳಲ್ಲಿ ನಾಲ್ಕು ಕಡೆ 'ಸಿಪಿಯು ಕಳವು' ಎಂದು ಬರೆದಿದ್ದೇನೆ. ತಿದ್ದುಪಡಿ ಹಾಕುವ ಕಾಲ ಮೀರಿತ್ತು.

ರಿಪೇರಿಯವರು ಚೀಲದಿಂದ ಧೂಳು ಊದುವ ಬ್ಲೋವರ್ ತೆಗೆದರು. ಹಿರಿಯರು ಎದ್ದು ನಿಂತರು.

"ಅದು ಬೇಡ ತಾಯಿ."

"ಒಂದೇ ನಿಮಿಸ ಯಜಮಾನ್ರೆ. ಅಂಗೇ ಆರೋಗ್ತವೆ."

"ಇರುವೆ ಹಾರುತ್ತೆ. ಮೊಟ್ಟೆ ಏನಾಗುತ್ತೆ?"

ಅವರು ಬ್ಲೋವರನ್ನು ಕೆಳಗಿಟ್ಟರು. "ಆಗಾದ್ರೆ ಆರ್ಡ್ ಡಿಸ್ಕ್ ಒಂದ್ನಾದ್ರೂ ಬಿಚ್ಕೋತೀನಿ." ಟಾರ್ಚ್ ಹಿಡಿದು ಗೂಡಿನ ಕೆಳಗೆ ನೋಡಿದರು. ಡಿಸ್ಕಿನ ತಳದಲ್ಲಿ ಒಂದು ಸಣ್ಣ ಹಸಿರು ಹಲಗೆ ಇರುತ್ತದೆ. ಅದಕ್ಕೂ ಗೂಡಿನ ತಗಡಿಗೂ ನಡುವಿನ ಸಂದಿಯಲ್ಲಿ ಮೊಟ್ಟೆಗಳು ಕಿಕ್ಕಿರಿದಿದ್ದವು. ಡಿಸ್ಕ್ ಸರಿಸಿದರೆ ಎಲ್ಲವೂ ಅರೆದುಹೋಗುತ್ತವೆ.

"ನೋಡಿ ಯಜಮಾನ್ರೆ, ಉಳ್ಳಂಗೇ ಏಳ್ತೀನಿ. ಇರುವೆ ಮೈಲಿ ಉಳಿ ಇರ್ತದೆ, ಆಸಿಡ್ಡು. ಅವು ಕೂತಷ್ಟು ದಿನ ಈ ಬೋರ್ಡ್ ತಿನ್ತವೆ. ಇವತ್ತೇ ತಗುದ್ರೆ ನಿಮ್ ಮಳೆ ಉಳಿಬೌದು. ಎರಡ್ ದಿನ ಬುಟ್ರೆ ನಾನು ಮಾತ್ ಕೊಡಕ್ಕಾಗಲ್ಲ."

ಹಿರಿಯರು ಕುರ್ಚಿಯಲ್ಲಿ ಕೂತರು. ಡಬ್ಬದೊಳಗೆ ನೋಡಿದರು. ಅವರಿಗೆ ಆಗ ಎಪ್ಪತ್ತಾರು. ಮೊದಲ ಕಡತ ಶುರುವಾದಾಗ ನಲವತ್ತನಾಲ್ಕು. ಅವರ ಜೀವಮಾನದ ಕೆಲಸ ಯಾವುದು ಎಂದು ಯಾರಾದರೂ ಕೇಳಿದ್ದರೆ ಪಾತ್ರೆ ಅಂಗಡಿ ಎನ್ನುತ್ತಿರಲಿಲ್ಲ. ನನಗೆ ಒಂದು ಮಾತು ಹೇಳಬೇಕೆನಿಸಿತ್ತು, ಬ್ಲೋವರಿನ ಪರವಾಗಿ.

"ಕಾಯೋಣ," ಎಂದರು.

ದಾರಿ ತೋರಿಸಿದವರು ಅವರ ಹೆಂಡತಿ. "ಅವು ಒಣ ಜಾಗ ಹುಡುಕ್ಕೊಂಡು ಬಂದಿರೋದು. ಇಲ್ಲಿ ಬೆಳಕು ಬೀಳಲಿ, ಪಕ್ಕದಲ್ಲಿ ಕತ್ತಲೆ ಮಾಡಿಕೊಡಿ. ತಾವೇ ಹೋಗ್ತವೆ." ಒಂದು ಮಣ್ಣಿನ ಗಡಿಗೆಗೆ ಅರ್ಧದಷ್ಟು ಒಣಮಣ್ಣು ತುಂಬಿ, ಬೆಲ್ಲದ ಚೂರು ಇಟ್ಟು, ಬಾಯಿಗೆ ಕಪ್ಪು ಬಟ್ಟೆ ಕಟ್ಟಿದರು. ಬಟ್ಟೆಯ ಒಂದು ಕಡೆ ಸಂದಿ ಬಿಟ್ಟು, ಅಲ್ಲಿಂದ ಡಬ್ಬದ ಅಂಚಿಗೆ ಹುರಿ ಹಾಸಿದರು. ಡಬ್ಬ ಕಿಟಕಿಯ ಬಿಸಿಲಿಗೆ ಬಾಯಿ ತೆರೆದುಕೊಂಡಿತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ರಿಪೇರಿಯವರು ಹೇಳಿದರು: "ಎಷ್ಟೋ ಮನೇಲಿ ಜಿರಲೆ, ಅಲ್ಲಿ, ಇಲಿ ಮರಿ ಎಲ್ಲಾ ತಗುದಿದೀನಿ ಸಾ. ಗಡಿಗೆ ಇಟ್ಟು ಕರ್ದಿದ್ದು ಇದೇ ಮೊದ್ಲು."

ಇರುವೆಗಳು ಗುರುವಾರ ಮಧ್ಯಾಹ್ನ ಹುರಿಯ ಮೇಲೆ ನಡೆಯಲು ಶುರುಮಾಡಿದವು. ಶುಕ್ರವಾರ ಸಂಜೆಗೆ ಕೊನೆಯ ಮೊಟ್ಟೆಯೂ ಸಾಗಿತು. ಹಿರಿಯರು ಗಡಿಗೆಯನ್ನು ಹಿತ್ತಲಿನ ತೆಂಗಿನ ಬುಡದಲ್ಲಿಟ್ಟು ನನಗೆ ಫೋನ್ ಮಾಡಿದರು. ಸೋಮವಾರದಿಂದ ದಿನವೂ ಎಂಟೂವರೆಗೆ ಅಳೆದದ್ದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿದ್ದರು.

ಶನಿವಾರ ಮತ್ತೆ ಹೋದೆವು. ಹೊಸ ಎಸ್‌ಎಂಪಿಎಸ್ ಕೂರಿಸಿದಾಗ ಫ್ಯಾನ್ ತಿರುಗಿತು, ಆದರೆ ಪರದೆ ಕಪ್ಪಾಗಿಯೇ ಇತ್ತು. ರ‍್ಯಾಮ್ ಕಿತ್ತು ಅದರ ಹಳದಿ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಒತ್ತಿದಾಗ ಪರದೆ ಬೆಳಗಿತು. ಅದರ ಮೇಲೆ ಒಂದು ಸಾಲು ಇಂಗ್ಲಿಷ್ ಬಂತು. ಹಾರ್ಡ್ ಡಿಸ್ಕ್ ಕಾಣುತ್ತಿಲ್ಲ ಎಂಬುದು ಅದರ ಅರ್ಥ. ತಂತಿ ಬದಲಿಸಿದರು, ಮದರ್‌ಬೋರ್ಡಿನ ಬೇರೆ ಕಿಂಡಿಗೆ ಚುಚ್ಚಿದರು. ಅದೇ ಸಾಲು. ಡಿಸ್ಕನ್ನು ಹೊರತೆಗೆದು ತಿರುಗಿಸಿದರು. ತಳದ ಹಲಗೆಯ ಒಂದು ಮೂಲೆಯಲ್ಲಿ ತಾಮ್ರದ ಗೆರೆಗಳು ಹಸಿರುಗಟ್ಟಿ ತುಂಡಾಗಿದ್ದವು.

"ಮಳೆ ಬರ್ದಿರೋ ಒಳಗಿನ ತಟ್ಟೆ ಚೆನ್ನಾಗಿರಬೌದು. ಅದನ್ನ ತಿರುಗ್ಸೋ ಬೋರ್ಡ್ ಓಗ್ಬುಟ್ಟೈತೆ," ಎಂದರು. "ಇದೇ ಮಾಡೆಲ್, ಇದೇ ನಂಬರಿಂದು ಇನ್ನೊಂದು ಸಿಗಬೇಕು."

ಹಿರಿಯರು ನಂಬರನ್ನು ಎರಡು ಸಲ ಬರೆದುಕೊಂಡು, ಒಂದು ಚೀಟಿ ನನಗೆ ಕೊಟ್ಟರು.

ಐದು ವಾರ ಹುಡುಕಿದೆವು. ನಾನು ವರದಿಗೆ ಹೋದಲ್ಲೆಲ್ಲ ಹಳೆಯ ಕಂಪ್ಯೂಟರ್ ಕಂಡರೆ ಕೇಳುತ್ತಿದ್ದೆ. ಕೊನೆಗೆ ಸಿಕ್ಕಿದ್ದು ಅರಕಲಗೂಡಿನಲ್ಲಿ, ಮುಚ್ಚಿದ ಟೈಪಿಂಗ್ ತರಬೇತಿ ಶಾಲೆಯೊಂದರ ಅಟ್ಟದ ಮೇಲೆ. ಅದರ ಮಾಲೀಕರು ಹನ್ನೊಂದು ಡಬ್ಬ ತೋರಿಸಿ, "ಯಾವುದ್ರಲ್ಲಿ ಏನೈತೋ ನಂಗೊತ್ತಿಲ್ಲ, ನೀವೇ ಬಿಚ್ಕೊಳಿ" ಎಂದರು. ಪಕ್ಕದ ತಗಡು ತೆಗೆದು, ಗೂಡಿನ ತಿರುಪು ಬಿಚ್ಚಿ, ಡಿಸ್ಕ್ ಹೊರತೆಗೆದು ನಂಬರ್ ಓದುವುದು ಆ ಹೊತ್ತಿಗೆ ನನಗೆ ಬರುತ್ತಿತ್ತು. ಏಳನೆಯ ಡಬ್ಬದ್ದು ಹೊಂದಿತು.

ಹಲಗೆಯನ್ನು ಬದಲಿಸಿದರಷ್ಟೇ ಸಾಲದು, ಹಳೆಯದರಿಂದ ಆ ಡಿಸ್ಕಿನದೇ ವಿವರ ಇರುವ ಒಂದು ಕಪ್ಪು ಚಿಪ್ಪನ್ನು ಕಿತ್ತು ಹೊಸದಕ್ಕೆ ಬೆಸೆಯಬೇಕು. ಆ ಸೂಕ್ಷ್ಮ ಬೆಸುಗೆ ರಿಪೇರಿಯವರ ಅಣ್ಣನಿಗೆ ಗೊತ್ತು; ಅವರಿಗೆ ಹೊಳೆನರಸೀಪುರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇದೆ. ಆಗಸ್ಟಿನ ಒಂದು ಮಂಗಳವಾರ ಹಿರಿಯರೂ ನಾನೂ ಆ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆವು. ಡಿಸ್ಕ್ ತಿರುಗುವ ಸದ್ದು ಬಂತು. ಲ್ಯಾಪ್‌ಟಾಪಿನ ಪರದೆಯಲ್ಲಿ ವರ್ಷಗಳು ಒಂದರ ಕೆಳಗೊಂದು ಬಂದವು.

ಹಿರಿಯರು ಒಂದೊಂದನ್ನೂ ತೆರೆಸಿ ನೋಡಿದರು. 2005, 2009, 2010 ತೆರೆಯಲಿಲ್ಲ. ಉಳಿದ ಮೂವತ್ತು ತೆರೆದವು.

"ಎರಡು ದಿನ ಕಾದದ್ದರಿಂದ ಹೀಗಾಯಿತಾ?" ಎಂದು ನಾನು ಕೇಳಿದೆ. ಕೇಳಬಾರದಿತ್ತು, ಆದರೆ ಕೇಳುವುದು ನನ್ನ ಕೆಲಸ.

"ಅದ್ನ ಎಂಗ್ ಏಳಕ್ಕಾಯ್ತದೆ ಸಾ," ಎಂದರು ರಿಪೇರಿಯವರು. "ಇರುವೆನೂ ಇರಬೌದು, ಡಿಸ್ಕಿಗೆ ವಯಸ್ಸೂ ಆಗಿರಬೌದು."

"ಆಗಿದ್ದರೂ ಆಗಿರಲಿ," ಎಂದರು ಹಿರಿಯರು. "ಅವತ್ತು ಮತ್ತೆ ಕೇಳಿದರೂ ಅದನ್ನೇ ಹೇಳ್ತೀನಿ."

ತೆರೆದ ಕಡತಗಳನ್ನು ಅವರ ಮಗಳು ಎರಡು ಪೆನ್‌ಡ್ರೈವಿಗೆ ಹಾಕಿಸಿ, ಕಾಗದದ ಮೇಲೂ ಮುದ್ರಿಸಿದರು. ಇಲ್ಲದ ಮೂರು ವರ್ಷಕ್ಕೆ ತಾಲ್ಲೂಕಿನ ಸರ್ಕಾರಿ ಅಂಕಿಗಳನ್ನು ತಂದುಕೊಡುತ್ತೇನೆ, ಅಡಿಟಿಪ್ಪಣಿ ಹಾಕಿ ಸೇರಿಸಬಹುದು ಎಂದೆ. ಹಿರಿಯರು ಒಪ್ಪಲಿಲ್ಲ.

"ಅದು ಅವರ ಅಂಗಳದ ಮಳೆ," ಎಂದರು.

ಮುದ್ರಿತ ಪುಸ್ತಕದಲ್ಲಿ ಆ ಮೂರು ವರ್ಷಗಳ ಹಾಳೆಗಳಿವೆ. ತಾರೀಖುಗಳು ಮಾತ್ರ ಇವೆ, ಮಿಲಿಮೀಟರಿನ ಅಂಕಣ ಖಾಲಿ. ಡಿಸ್ಕ್ ಹೊಳೆನರಸೀಪುರದಲ್ಲೇ ಇದೆ. ಬಿಡುವಾದಾಗಲೆಲ್ಲ ಅಣ್ಣ ತಂಗಿ ಅದನ್ನು ಓದಿಸಲು ನೋಡುತ್ತಾರೆ. ಮೊನ್ನೆ ಗುರುವಾರ ರಿಪೇರಿಯವರು ಫೋನ್ ಮಾಡಿದರು. 2009ರ ಕಡತ ಜುಲೈ ಹದಿನಾಲ್ಕರವರೆಗೆ ತೆರೆದಿದೆ.