ಸೌಟು ಹಾಕದ ಪದಾರ್ಥ

ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಸಲಾಂ ಉಪ್ಪಿನಂಗಡಿಯ ಮನೆಗೆ ಮರಳಿದ್ದು ಗಾಲಿಕುರ್ಚಿಯಲ್ಲಿ. ಪಾರ್ಶ್ವವಾಯು ಬಲಗೈಯನ್ನೂ ಮಾತನ್ನೂ ಕಸಿದುಕೊಂಡಿತ್ತು. ಗಂಜಿ, ಮೀನುಸಾರು, ಅಕ್ಕಿಯ ಪತ್ತಿರ್, ಹೆಂಡತಿ ಝೈನಬ ಏನು ಮಾಡಿಕೊಟ್ಟರೂ ಎರಡು ತುತ್ತಿಗೆ ಮುಖ ತಿರುಗಿಸುತ್ತಿದ್ದರು. ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕಾದೀತು ಎಂದು ಡಾಕ್ಟರು ಹೇಳಿ ಮೂರು ದಿನವಾಗಿತ್ತು.

ಆ ಬೆಳಿಗ್ಗೆ ಸಲಾಂ ಎಡಗೈಯಲ್ಲಿ ಮೊಬೈಲು ಒತ್ತಿ ಒಂದು ಫೋಟೊ ತೋರಿಸಿದರು. ತಟ್ಟೆಯಲ್ಲಿ ಸಿಹಿಗುಂಬಳ, ಬದನೆ, ಬೆಂಡೆ, ಅಲಸಂಡೆ, ಹಾಗಲ. ಫಿಲಿಪೈನ್ಸಿನವರ ಅಡುಗೆ, ಹೆಸರು ಪಿನಕ್ಬೆಟ್ ಎಂದು ಮಗಳು ರಸೀನಾ ಹುಡುಕಿ ಹೇಳಿದಳು.

"ಇಷ್ಟೇಯಾ? ಇದೆಲ್ಲ ನಮ್ಮ ಹಿತ್ತಿಲಲ್ಲೇ ಉಂಟಲ್ಲ," ಎಂದು ಝೈನಬ ಮೆಟ್ಟುಕತ್ತಿ ಎಳೆದುಕೊಂಡರು.

ತೆಂಗಿನಕಾಯಿ ಇಲ್ಲದ ಪದಾರ್ಥ ಅವರ ಕೈಗೆ ಗೊತ್ತಿಲ್ಲ. ಕಾಯಿ ಹುರಿದು, ಕೊತ್ತಂಬರಿ ಸೇರಿಸಿ, ಮಸಾಲೆ ಕಡೆದು ಹಾಕಿದರು. ರೋಗಿಗೆ ಮೆತ್ತಗಿರಲಿ ಎಂದು ಸೌಟಿನಿಂದ ಚೆನ್ನಾಗಿ ಕಲಸಿದರು. ಸಲಾಂ ಒಂದು ತುತ್ತು ಬಾಯಿಗಿಟ್ಟುಕೊಂಡು ತುಟಿ ಮುಚ್ಚಿದರು.

ಸಂಜೆ ರಸೀನಾ ವಿಡಿಯೊ ಕರೆ ಮಾಡಿದ್ದು ರೊಡೆಲ್‌ಗೆ. ದಮ್ಮಾಮಿನ ಕೋಣೆಯಲ್ಲಿ ಹದಿನೆಂಟು ವರ್ಷ ಸಲಾಂ ಜೊತೆಗಿದ್ದ ಫಿಲಿಪಿನೊ. ಝೈನಬ ಮಾಡಿದ ರೀತಿ ಕೇಳಿ ನಕ್ಕ. ಅವನ ಅರೆಬರೆ ಹಿಂದಿಯನ್ನು ರಸೀನಾ ತಾಯಿಗೆ ದಾಟಿಸಿದಳು.

"ಕಾಯಿ ಬೇಡ್ವಂತೆ ಉಮ್ಮ. ಒಣ ಸಿಗಡಿ ಪುಡಿ ಸಾಕಂತೆ. ಸೌಟು ಹಾಕ್ಲಿಕ್ಕೇ ಇಲ್ಲ. ಪಾತ್ರೆ ಹಿಡಿದು ಕುಲುಕುದು."

"ಅವನಿಗೆ ಅಷ್ಟು ಬರ್ತದಾ?"

"ಅವನಲ್ಲ. ಮಾಡ್ತಿದ್ದದ್ದು ನಮ್ಮ ಉಪ್ಪ. ಪ್ರತಿ ಶುಕ್ರವಾರ. ಬೇರೆಯವರು ಪಾತ್ರೆ ಮುಟ್ಟಿದ್ರೆ ಬೈತಿದ್ರಂತೆ."

"ಇವರಾ? ಇವರಿಗೆ ನೀರು ಕಾಯಿಸ್ಲಿಕ್ಕೆ ಗೊತ್ತಿಲ್ಲ ಮಾರಾಯ್ತಿ," ಎಂದರು ಝೈನಬ.

ಸಲಾಂ ಊರಿಗೆ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ, ಎರಡು ತಿಂಗಳ ರಜೆಯಲ್ಲಿ. ಅಡುಗೆಮನೆಯೊಳಗೆ ಕಾಲಿಟ್ಟದ್ದಿಲ್ಲ. ಬಡಿಸಿದ್ದನ್ನೆಲ್ಲ ಚೆನ್ನಾಗಿದೆ ಎಂದು ಉಂಡು ಕೈ ತೊಳೆಯುತ್ತಿದ್ದರು, ನೆಂಟರ ಹಾಗೆ.

ಮರುದಿನ ಝೈನಬ ಕಾಯಿ ಒಡೆಯಲಿಲ್ಲ. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಬಾಡಿಸಿ, ಸಿಗಡಿ ಪುಡಿ ಉದುರಿಸಿ, ತರಕಾರಿ ಹಾಕಿ ಮುಚ್ಚಿದರು. ಕೈ ಎರಡು ಸಲ ಸೌಟಿನ ಕಡೆ ಹೋಯಿತು. ಬಟ್ಟೆಯಲ್ಲಿ ಪಾತ್ರೆಯ ಕಿವಿ ಹಿಡಿದು ಕುಲುಕಿದರು. ಹೋಳುಗಳು ಮುರಿಯದೆ ಬೆಂದವು.

ಸಲಾಂ ಕುಂಬಳದ ಹೋಳೊಂದನ್ನು ನಿಧಾನವಾಗಿ ಅಗಿದರು. ಇನ್ನೊಂದಕ್ಕೆ ಬಾಯಿ ತೆರೆದರು. ತಟ್ಟೆ ಅರ್ಧವಾಗುವಾಗ ಎಡಗೈ ಎತ್ತಿ, ಬೆರಳುಗಳನ್ನು ಚಿಟಿಕೆಯಂತೆ ಜೋಡಿಸಿ ಹೆಂಡತಿಯನ್ನು ನೋಡಿದರು.

"ಎಂತ? ಉಪ್ಪು ಕಮ್ಮಿಯಾ?"

ಸಲಾಂ ಹೌದೆಂದು ತಲೆಯಾಡಿಸಿದರು. ಹುಬ್ಬು ಗಂಟಿಕ್ಕಿತ್ತು. ಮದುವೆಯಾದ ಮೇಲೆ ಅವರು ಈ ಮನೆಯ ಊಟದಲ್ಲಿ ತಪ್ಪು ಹುಡುಕಿದ್ದು ಅದೇ ಮೊದಲು.

"ಡಾಕ್ಟರಿಗೆ ಗೊತ್ತಾದ್ರೆ ನನಗೇ ಬೈಗುಳ," ಎಂದು ಝೈನಬ ಒಂದು ಚಿಟಿಕೆ ತಂದು ಉದುರಿಸಿದರು. ಹಾಗಲಕ್ಕೆ ಎಷ್ಟು ಹೊತ್ತು, ಶುಕ್ರವಾರ ಯಾರೆಲ್ಲ ಕೂತು ಉಣ್ಣುತ್ತಿದ್ದರು, ಬೈಸಿಕೊಳ್ಳುತ್ತಿದ್ದವರು ಯಾರು, ಝೈನಬರಿಗೆ ಕೇಳಲಿಕ್ಕೆ ಬಹಳವಿತ್ತು. ಸಲಾಂ ಬಾಯಿ ತೆರೆದು ಕಾಯುತ್ತಿದ್ದರು, ಮುಂದಿನ ತುತ್ತಿಗೆ ಮಾತ್ರ.